ಗಂಡಸು ೦೪, ನಿಂತದ್ದು

ಮೊದಲು ತೆರೆದಾಗ ಅವನು ಗೋಪುರಕ್ಕಿಂತ ಎತ್ತರ.
ಇಂಚನ್ನು ಮೀಟರೆಂದು ಓದಿಕೊಂಡಿತ್ತು ಹೊಸ ಸಾಫ್ಟ್‌ವೇರು.
ಅರವತ್ತಾರು ಇಂಚಿನ ಆಸಾಮಿ
ಅರವತ್ತಾರು ಮೀಟರು ಬೆಳೆದು
ಒಂದು ಬೂಟು ಕಾರ್ ಪಾರ್ಕಿನಲ್ಲಿ, ಇನ್ನೊಂದು ಕಡಲಲ್ಲಿ ಊರಿ
ಮನಾಮಾದ ಮೇಲೆ ನಿಂತಿದ್ದ,
ಮೈಯೆಲ್ಲ ಬೂದು.

ಕುಗ್ಗಿಸಿದೆ.
ಆಮೇಲೆ ಒಂದೊಂದೇ ಕೇಡು ಕಣ್ಣಿಗೆ ಬಿತ್ತು.

ಚರ್ಮವಿಲ್ಲ. ಚರ್ಮ ಎಲ್ಲಿದೆಯೆಂದು ಫೈಲಿಗೆ ಗೊತ್ತು:
ಡಿ ಡ್ರೈವ್, "ಕೆಲಸ" ಎಂಬ ಫೋಲ್ಡರು, ಅದರೊಳಗೆ "ಕೆಲಸ ಹೊಸತು",
ಅದರೊಳಗೆ "ಕೆಲಸ ಹೊಸತು ಕೊನೆಯದು".
ಆ ಯಂತ್ರ ಗುಜರಿಗೆ ಹೋಗಿ ಹನ್ನೊಂದು ವರ್ಷ.
ಅದರ ಮುಂದೆ ಕೂರುತ್ತಿದ್ದ ಸಿರಿಲ್ ಲಸ್ರಾದೊ
ಮಸ್ಕತ್ತಿಗೆ ಹೋದನೆಂದು ಕೆಲವರು,
ಹಲ್ಲಿನ ಆಸ್ಪತ್ರೆಗಳಿಗೆ ಬೋರ್ಡು ಮಾಡುತ್ತಾನೆಂದು ಕೆಲವರು.
ಕಬೋರ್ಡಿನ ತಳದಲ್ಲಿ, ಒಣಗಿದ ಮಾರ್ಕರುಗಳ ನಡುವೆ
ಒಂದು ಸೀಡಿ ಸಿಕ್ಕಿತು. ಅದನ್ನು ನುಂಗುವ ಬಾಯಿ
ಈಗ ನಮ್ಮ ಯಾವ ಕಂಪ್ಯೂಟರಿಗೂ ಇಲ್ಲ.
ಗುದೈಬಿಯಾದ ಅಂಗಡಿಯಲ್ಲಿ ಮೂರು ದಿನಾರಿಗೆ ಒಂದು ಬಾಯಿ ತಂದೆ.

ನಡುವೆ ಹಸನಬ್ಬ ಚಹಾ ಇಟ್ಟು ಹೋದರು.

ತೋಳೆತ್ತಿಸಿದರೆ ಭುಜ ಕುಸಿಯುತ್ತದೆ
ಒದ್ದೆ ಗೋಣಿಯ ಹಾಗೆ.
ಯಾವ ಮೂಳೆಗೆ ಎಷ್ಟು ಮಾಂಸವೆಂಬ ಲೆಕ್ಕ
ದಾರಿಯಲ್ಲಿ ಎಲ್ಲೋ ಬಿದ್ದುಹೋಗಿದೆ.
ಬ್ರಷ್ಷು ಹಿಡಿದು ಮತ್ತೆ ಹಂಚಿದೆ:
ಇಷ್ಟು ಕುತ್ತಿಗೆಗೆ, ಇಷ್ಟು ತೋಳಿಗೆ, ಕಂಕುಳಿಗೆ ಸ್ವಲ್ಪ ಧಾರಾಳ.
ಅಣ್ಣತಮ್ಮಂದಿರ ಪಾಲುಪಟ್ಟಿಗಿಂತ ಕಷ್ಟ.

ಹಳೆಯದು ಹೊಳಪನ್ನು ಅಳೆಯುತ್ತಿತ್ತು.
ಹೊಸದು ಅಳೆಯುವುದು ಒರಟುತನವನ್ನು.
ಬಿಳಿಯನ್ನು ಕಪ್ಪಾಗಿಸಿ ಕಪ್ಪನ್ನು ಬಿಳಿಯಾಗಿಸಿದರೆ ಸಾಕು.
ಇಷ್ಟು ಸುಲಭದ್ದು
ಇಡೀ ದಿನದಲ್ಲಿ ಇದೊಂದೇ.

ಕಣ್ಣಂತೂ ಕುರುಡು.
ಪಾಪೆಯ ಮೇಲೊಂದು ಗಾಜಿನ ಪೊರೆ, ಆಗಿನ ಕಾಲದ ಜಾಣತನ;
ಈಗಿನ ಬೆಳಕು ಅದನ್ನು ಗೋಡೆಯೆಂದು ತಿಳಿದು ಹಿಂದಿರುಗುತ್ತದೆ.
ಪೊರೆ ತೆಗೆದೆ.
ಅವನು ನನ್ನ ಎಡಗಿವಿಯ ಆಚೆ ಎಲ್ಲೋ ನೋಡಿದ.
ಚಿತ್ರದ ಜನ ಎಲ್ಲರೂ ಅಲ್ಲಿಯೇ ನೋಡುತ್ತಾರೆ.

ಹೊರಗೆ ಶಮಾಲ್ ಎದ್ದು ಕಿಟಕಿ ಹಳದಿ.
ನನ್ನ ಸೂರ್ಯನನ್ನು ಸಂಜೆಗೆ ಇಳಿಸಿ
ಒಂದೇ ಮಗ್ಗುಲಿನಿಂದ ಬೆಳಕು ಬಿಟ್ಟು ರೆಂಡರಿಗೆ ಹಾಕಿದೆ.

ಕಾಳುಕಾಳಾಗಿ ಬಂದ ಮುಖ ತಿಳಿಯಾಗುತ್ತ
ಎಡಗೆನ್ನೆಯಲ್ಲಿ ಒಂದು ಗುಂಡು ನೆರಳು.
ಚರ್ಮದ ಬಣ್ಣದಲ್ಲಿ ಹುಡುಕಿದೆ, ಕಲೆಯಿಲ್ಲ. ಲಸ್ರಾದೊ ಒರೆಸಿದ್ದ
ನೀಟಾಗಿ, ಪಕ್ಕದ ಕೆನ್ನೆಯನ್ನೇ ತಂದು ತೇಪೆ ಹಾಕಿ.
ಉಬ್ಬುತಗ್ಗಿನ ನಕ್ಷೆಯಲ್ಲಿ ಮರೆತಿದ್ದ.
ಹಳೆಯ ಬೆಳಕು ಅಷ್ಟು ಬಗ್ಗಿ ನೋಡುತ್ತಿರಲಿಲ್ಲ.

ಮಚ್ಚೆ.
ಖಾಲಿ ಲೋಟಕ್ಕೆಂದು ಬಾಗಿದ ಕೆನ್ನೆಯಲ್ಲೂ ಅದೇ, ಅದೇ ಜಾಗ,
ಈಗ ಎರಡು ಬಿಳಿ ಕೂದಲು ಹುಟ್ಟಿವೆ ಅಷ್ಟೆ.

"ಓ, ಇವ ಇನ್ನೂ ಉಂಟಾ ಮಾರಾಯ್ರೆ," ಎಂದರು ಹಸನಬ್ಬ.
"ಸಿರಿಲ್ ಪೊರ್ಬುಗಳು ಫೋಟೋ ಹೊಡೆದದ್ದು, ಆ ಗೋಡೆಗೆ ನಿಲ್ಲಿಸಿ,
ಎದುರಿಂದ, ಹಿಂದಿಂದ, ಕೈ ಹೀಗೆ ಅಗಲ ಮಾಡಿ.
ಅರ್ಧ ಗಂಟೆ. ಒಲೆ ಮೇಲೆ ಹಾಲು ಉಕ್ಕಿ ಹೋಗಿತ್ತು.
ಕೋಟು ಮಾತ್ರ ನಂದಲ್ಲ."

ಕೋಟು ಯಾರದೂ ಅಲ್ಲ. ಕೊಂಡು ತಂದ ಬಟ್ಟೆಯ ಫೈಲು,
ಕತ್ತಿನ ಹತ್ತಿರ ಹೊಲಿಗೆ ಈಗಲೂ ಕೂಡಿಲ್ಲ.
ಅದನ್ನು ತೊಟ್ಟು ಅವರು ಹದಿನೇಳು ವರ್ಷ ಹಿಂದೆ
ಬ್ಯಾಂಕಿನ ಲಾಬಿಗಳಲ್ಲಿ, ಕಟ್ಟದೆ ಬಿಟ್ಟ ಹೋಟೆಲುಗಳಲ್ಲಿ,
ಆಗಿನ್ನೂ ನೀರೇ ಆಗಿದ್ದ ದಂಡೆಯ ಮೇಲೆ
ಯಾರಿಗೋ ಕಾಯುವವರ ಹಾಗೆ ನಿಂತಿದ್ದರು.
ಆ ನೀರಿಗೆ ಮಣ್ಣು ತುಂಬಿ ಈಗ ರಸ್ತೆ.
ನಾನು ದಿನಾ ಅಲ್ಲೇ ಬಸ್ಸಿಗೆ ಕಾಯುವುದು.

"ಆ ಮಚ್ಚೆ ತೆಗೆಯುವುದಾ?" ಕೇಳಿದರು
ಟ್ರೇ ಎದೆಗೆ ಒತ್ತಿ.

ಕ್ಲಯಂಟಿಗೆ ಬೇಕಿರುವುದು ಇಪ್ಪತ್ತು ಮಂದಿ,
ಲಿಫ್ಟಿನ ಪಕ್ಕ, ಸ್ವಲ್ಪ ಮಸುಕಾಗಿ. ಮುಖ ಮುಖ್ಯವಲ್ಲ.

ಅವರು ಹೋದ ಮೇಲೆ ಬಣ್ಣದ ಪದರಕ್ಕೆ ಇಳಿದು
ಉಬ್ಬಿದ್ದ ಜಾಗ ಹುಡುಕಿ
ಒಂದು ಕಂದು ಚುಕ್ಕಿ ಇಟ್ಟೆ.
ಫೈಲಿನ ಹೆಸರನ್ನೂ ಬದಲಿಸಲು ಹೋಗಿ ನಿಂತೆ:
ಹೆಸರು ಬದಲಾದರೆ ಹಳೆಯ ಕೊಂಡಿಗಳೆಲ್ಲ ಕಡಿಯುತ್ತವೆ,
ಲಾಬಿಗಳು, ಹೋಟೆಲು, ಆ ದಂಡೆ.
ನಾಲ್ಕೇ ಇರಲಿ.