ತೂಕದವನ ಮಗ

ಐಸ್ ಅಂದರೆ ನನಗೆ ಗುಲ್ಟೇಕಡಿಯ ರಸವಂತಿ ಅಂಗಡಿ,
ಗೋಣಿತಟ್ಟಿನಲ್ಲಿ ಸುತ್ತಿ ಸುತ್ತಿಗೆಯಿಂದ ಒಡೆಯುವ ಗಡ್ಡೆ.
ನಮ್ಮದು ಗಾಲಿಯ ಆಟ.
ಎಂಟು ಗಾಲಿ ನನ್ನವು, ಎಂಟು ಇರಾವತಿಯವು,
ಪುಣೆ ಪಾಲಿಕೆಯ ಸಿಮೆಂಟು ನೆಲ, ಬೆಳಗಿನ ಐದೂವರೆ.
ನಾಯಿಗಳನ್ನು ಎಬ್ಬಿಸಿ ಓಡಿಸಿ
ಒಂದೊಂದೇ ಹರಳು ಗುಡಿಸಿದ ಮೇಲೆ ಸಂಗೀತ.
ಒಂದು ಹರಳು ಸಾಕು, ಹಲ್ಲು ಹೋಗಲಿಕ್ಕೆ.
ನನ್ನದು ಹೋಗಿದೆ, ಎಡಕ್ಕೆ, ಮೇಲಿನದು.

ಅಪ್ಪ ಮಾರ್ಕೆಟ್ ಯಾರ್ಡಿನಲ್ಲಿ ತೂಕದವ.
ಸೊಲ್ಲಾಪುರದಿಂದ ಬರುವಾಗ ತಂದ ಕನ್ನಡವನ್ನು ಮನೆಗಿಟ್ಟು
ಮರಾಠಿಯನ್ನು ತಕ್ಕಡಿಗೆ ಕೊಟ್ಟಿದ್ದ.
ಈರುಳ್ಳಿ, ಬೆಲ್ಲ, ಒಣಮೆಣಸಿನಕಾಯಿ;
ಮುಳ್ಳು ನಿಂತ ಕ್ಷಣ ‘ಬರೋಬರ್’ ಎಂದು ಕೂಗುತ್ತಿದ್ದ.
ಆಮೇಲೆ ದೇವರೇ ಬಂದರೂ ಚೀಟಿ ತಿದ್ದುತ್ತಿರಲಿಲ್ಲ.
ನಿನ್ನ ಮಗ ಹುಡುಗಿಯೊಬ್ಬಳನ್ನು ಎತ್ತುತ್ತಾನಂತೆ
ಎಂದು ಯಾರೋ ಹೇಳಿದರೆ
ಅವನು ಕೇಳಿದ್ದು ಒಂದೇ:
‘ಎಷ್ಟ್ ಕಿಲೋ?’

ಮೂವತ್ತೆಂಟು, ಆಗ.

ಒಮ್ಮೆ ಬಂದಿದ್ದ. ಬೇಲಿಯಾಚೆ,
ಮೈತುಂಬ ಮೆಣಸಿನ ಘಾಟು ಹೊತ್ತು ನಿಂತಿದ್ದ.
ಎಲ್ಲರೂ ಮೇಲೆ ನೋಡುತ್ತಿದ್ದರು,
ನನ್ನ ಒಂಟಿ ಅಂಗೈ ಮೇಲೆ ರೆಕ್ಕೆ ಬಿಚ್ಚಿದವಳನ್ನು.
ಅವನು ನೋಡಿದ್ದು ನನ್ನ ಮೊಳಕಾಲು.
ವಾಪಸು ಬರುವಾಗ ಬಸ್ಸಿನಲ್ಲಿ ಹೇಳಿದ:
‘ಬೆನ್ನಿಲೇ ಎತ್ತಬ್ಯಾಡ ತಮ್ಮಾ, ತೊಡಿಲೇ ಎತ್ತು.
ಮತ್ತ ಇಳಸೋ ಮುಂದ ಅವಸರ ಬ್ಯಾಡ.
ಚೀಲ ಒಡಿಯೂದು ಎತ್ತುವಾಗಲ್ಲ.’

ಆ ವರ್ಷ ಮೂರನೆಯವರಾದೆವು.
ಮರುವರ್ಷ ನಾಲ್ಕು. ಅದರ ಮರುವರ್ಷ ನಾಲ್ಕು.
ನಾಲ್ಕಕ್ಕೆ ಪದಕವಿಲ್ಲ, ಪ್ರಮಾಣಪತ್ರ ಉಂಟು,
ಅದರಲ್ಲಿ ಸಿದ್ರಾಮ ಹೋಗಿ ಶ್ರೀರಾಮನಾಗಿರುತ್ತಾನೆ.
ಮುಂಬೈ ಮಾಲಿನ ಐಸಿನ ಮೇಲೆ ಅರ್ಧ ಗಂಟೆ, ಒಮ್ಮೆ:
ಇಬ್ಬರೂ ಎದ್ದದ್ದಕ್ಕಿಂತ ಬಿದ್ದದ್ದೇ ಹೆಚ್ಚು,
ಒದ್ದೆ ಚಡ್ಡಿಯಲ್ಲೇ ಲೋಕಲ್ ಹತ್ತಿ ನಕ್ಕೆವು, ದಾದರ್‌ವರೆಗೆ.

ಸಾವಿನ ಸುರುಳಿ ಅಂತ ಒಂದು ಪಟ್ಟು.
ನಾನು ಬೀಸುಕಲ್ಲಿನ ಗೂಟ,
ಅವಳು ಕೂದಲಲ್ಲಿ ನೆಲ ಗುಡಿಸುತ್ತ ಸುತ್ತುವವಳು.
ಆಗ ಲೋಕದಲ್ಲಿ ಉಳಿಯುವುದು ಒಂದು ಮಣಿಕಟ್ಟು,
ಅದರ ಬೆವರು.
ಜನ ಕೇಳುತ್ತಿದ್ದರು, ನೀವಿಬ್ಬರೂ...
ಇಲ್ಲ.
ಎಸೆದ ಮೇಲೆ ಅರೆಗಳಿಗೆ ಗಾಳಿಯಲ್ಲಿರುವವಳು
ಪ್ರೀತಿಸು ಎನ್ನುವುದಿಲ್ಲ,
ಅಲ್ಲೇ ಇರು ಎನ್ನುತ್ತಾಳೆ.
ಸದಾಶಿವ ಪೇಠೆಯ ಆ ಮನೆಯಲ್ಲಿ ಉಪ್ಪಿಟ್ಟಿಗೂ ಸಕ್ಕರೆ.
ತಿಂದಿದ್ದೇನೆ, ಎಂಟು ವರ್ಷ, ಮಾತಾಡದೆ.

ವಿಶಾಖಪಟ್ಟಣದಲ್ಲಿ ಬೆಳ್ಳಿ. ಒಂದೇ ಸಲ.

ಆಮೇಲೆ ಅವಳು ಬೆಳೆದಳು. ಅಷ್ಟೇ ನಡೆದದ್ದು.
ಹತ್ತೊಂಬತ್ತರಲ್ಲಿ ಯಾರು ಬೆಳೆಯುತ್ತಾರೆ?
ಇರಾವತಿ ಪೊಂಕ್ಷೆ ಬೆಳೆದಳು,
ನನ್ನ ನೆತ್ತಿ ದಾಟಿ ಎರಡು ಇಂಚು.
ದಸ್ತೂರ್ ಮಾಸ್ತರು ಕನ್ನಡಕ ಒರೆಸಿದರು, ಮತ್ತೆ ಒರೆಸಿದರು,
ನಾಶಿಕದಿಂದ ತೆಂಗಿನಂಥ ಹುಡುಗನೊಬ್ಬನನ್ನು ಕರೆಸಿದರು.
ಅವಳ ಎಡ ಸೊಂಟ ಎಲ್ಲಿ ಹಿಡಿದರೆ ನೋಯುತ್ತದೆಂದು
ಅವನಿಗೆ ನಾನೇ ತೋರಿಸಿಕೊಟ್ಟೆ.
ಇಳಿಸುವಾಗ ಅವಸರ ಬೇಡ ಎಂದೆ, ಮರಾಠಿಯಲ್ಲಿ.
ಅಪ್ಪನ ಮಾತು ಆ ಭಾಷೆಯಲ್ಲಿ ಸ್ವಲ್ಪ ಹಗುರಾಯಿತು.

ಈಗ ನಾನು ಮೇಜಿನ ಹಿಂದೆ.
ಬಾಡಿಗೆ ಕೋಟು, ಮುಂದೊಂದು ಪರದೆ, ಎರಡು ಗುಂಡಿ.
ಕಳೆದ ಡಿಸೆಂಬರಿನಲ್ಲಿ ಅವಳ ಕೊನೆಯ ಸ್ಪರ್ಧೆ.
ಎಸೆತ ಚೆನ್ನಾಗಿತ್ತು, ಎತ್ತರವಿತ್ತು,
ಇಳಿದ ಕಾಲು ಒಂದು ಕೂದಲೆಳೆ ಹೊರಗೆ.
ಅಂಗೈ ನೆಲಕ್ಕೆ ಬಡಿದದ್ದು ಮೊದಲು ಕೇಳಿಸಿತು.
ಮೇಜಿನಡಿ ನನ್ನ ಮೊಳಕಾಲು ತಾವೇ ಬಾಗಿದ್ದವು,
ತೋಳು ಅರ್ಧ ಎದ್ದಿತ್ತು.
ಪಕ್ಕದ ತೀರ್ಪುಗಾರ್ತಿ ನೀರು ಬೇಕೆ ಎಂದರು.

ಒತ್ತಿದೆ.
ಬಿದ್ದದ್ದಕ್ಕೆ ಒಂದು ಅಂಕ ಕಡಿತ.
ಆ ಒಂದರಲ್ಲಿ ಅವಳ ಕಂಚು ಹೋಯಿತು.

ಹೊರಗೆ ವಡಾಪಾವ್ ಗಾಡಿಯ ಹತ್ತಿರ ಸಿಕ್ಕಳು,
ಗಾಲಿಗಳನ್ನು ಹೆಗಲಿಗೆ ಹಾಕಿಕೊಂಡು.
ಅಂಗೈ ತರಚು ತೋರಿಸಿದಳು, ಮಣಿಕಟ್ಟಿನವರೆಗೆ.
ಗುಂಡಿ ಯಾರದೆಂದು ಗೊತ್ತಿರಬೇಕು.
ಬಾಯಿ ತುಂಬ ತುರುಕಿಕೊಂಡು ಅಂದಳು:
‘ಬರೋಬರ್.’
ಚಿಲ್ಲರೆ ನಾನೇ ಕೊಟ್ಟೆ.