ಒಂದೋ ಏಳೋ

ಒಸ್ಟ್ರಾವಾದ ಈ ಕಟ್ಟಡದ ಎಂಟನೇ ಮಹಡಿಯಲ್ಲಿ
ನಾನೂರು ಲೀಟರ್ ಸಮುದ್ರವಿದೆ.
ಸಮುದ್ರವೇ ಇಲ್ಲದ ದೇಶ ನಮ್ಮದು.
ಉಪ್ಪು ಬಕೆಟ್ಟಿನಲ್ಲಿ ಬರುತ್ತದೆ, ಅಲೆ ಮೋಟಾರಿನಿಂದ,
ಹುಣ್ಣಿಮೆಗೆ ಒಂದು ಸ್ವಿಚ್ಚು.

ಬೊಹುಮೀರ್ ಕೋತಾಸ್, ಮೂವತ್ತೊಂದು ವರ್ಷ
ಕಲ್ಲಿದ್ದಲ ಗಣಿಯಲ್ಲಿದ್ದವರು,
ಎದೆಯೊಳಗಿನ ಧೂಳಿಗೆ ಮದ್ದು ಹುಡುಕಿ
ಬೆಟ್ಟದ ಆಸ್ಪತ್ರೆಗೆ ಮೂರು ವಾರ ಹೊರಟಾಗ
ಏಳನೇ ಮಹಡಿಯವಳಾದ ನನಗೆ ಬೀಗದ ಕೈ ಕೊಟ್ಟರು,
ಜೊತೆಗೊಂದು ಚೀಟಿ.
ನಾನು ಟ್ರಾಮ್ ಓಡಿಸುವವಳು. ಹಳಿ ಇದ್ದಲ್ಲಿ ಹೋಗುತ್ತೇನೆ,
ಬರೆದದ್ದನ್ನು ಪಾಲಿಸುತ್ತೇನೆ.

ಚೀಟಿಯಲ್ಲಿತ್ತು: ದಿನಕ್ಕಿಷ್ಟು ಮಿಲಿಲೀಟರ್ ವೋಡ್ಕಾ.
ಮೀನಿಗಲ್ಲ, ಎಂದು ಕೆಳಗೊಂದು ಗೆರೆ.
ನೀರಿನ ಕೊಳೆ ತಿನ್ನುವ, ಕಣ್ಣಿಗೆ ಕಾಣದ ಜೀವಿಗಳಿಗೆ.
ನಗು ಬಂತು. ನಮ್ಮ ಬೀದಿಯಲ್ಲಿ ಕೊಳೆ ತೆಗೆಯುವವರೆಲ್ಲ
ಅದನ್ನೇ ಕುಡಿದು ದುಡಿಯುವವರು.
ಸಿರಿಂಜಿನಲ್ಲಿ ಏಳು ಗೆರೆ ತುಂಬಿಸಿ ಬಿಟ್ಟೆ.
ಮರುದಿನವೂ ಏಳು. ಅದರ ಮರುದಿನವೂ.

ನಾಲ್ಕನೆಯ ಬೆಳಗ್ಗೆ ರಾತ್ರಿಪಾಳಿ ಮುಗಿಸಿ ಬಂದರೆ
ಯಾರೋ ಒಂದು ಕ್ಯಾನು ಹಾಲು ಸುರಿದಂತೆ.
ಹವಳ ಇಲ್ಲ, ಬಂಡೆ ಇಲ್ಲ, ಮೀನಿಲ್ಲ.
ಗಾಜಿಗೆ ಮೂಗು ಒತ್ತಿದೆ: ಕಂಡದ್ದು ನನ್ನದೇ ಮೂಗು.
ಮೇಲಿನಿಂದ ಬಗ್ಗಿದರೆ, ನೀರಿನ ಅಂಚಿಗೆ
ಬಾಯಿ ಬಾಯಿ ಬಿಡುತ್ತ ಸಾಲಾಗಿ ನಿಂತಿದ್ದವು
ಐದು ಗಂಟೆಯ ಟ್ರಾಮಿನ ಕಿಟಕಿಯ ಮುಖಗಳಂತೆ.

ಬಕೆಟ್ ತಂದೆ. ಜಾಲರಿ ತಂದೆ. ತೋಳು ಮಡಿಚಿದೆ.
ಅರ್ಧ ಕಡಲನ್ನು ಬಚ್ಚಲಿಗೆ ಚೆಲ್ಲುವುದೇ ಸರಿ ಅಂದುಕೊಂಡು,
ಅದಕ್ಕೂ ಮುಂಚೆ ಫೋನು ಹಚ್ಚಿದೆ.

ಅವರು ಕೆಮ್ಮಿ ಮುಗಿಸುವವರೆಗೆ ಕಾದೆ.
"ಕೈ ಹಾಕಬೇಡ," ಅಂದರು.
"ವೋಡ್ಕಾ ನಿಲ್ಲಿಸು. ತಿನಿಸು ನಿಲ್ಲಿಸು. ದೀಪ ಆರಿಸು.
ಮೋಟಾರಿನ ಮೂತಿ ಮೇಲಕ್ಕೆ ತಿರುಗಿಸು,
ನೀರಿನ ಮೈ ನಡುಗಬೇಕು, ಗಾಳಿ ಒಳಗೆ ಹೋಗಬೇಕು.
ನೊರೆ ಹಿಡಿಯುವ ಯಂತ್ರದ ಬಟ್ಟಲು ತುಂಬಿದಾಗಲೆಲ್ಲ ತೊಳಿ.
ಆಮೇಲೆ ಕೂತುಕೋ."
ಎಷ್ಟು ಹೊತ್ತು?
"ಸಿಡಿಮದ್ದು ಹಾರಿಸಿದ ಮೇಲೆ ನಾವು ಕೂರುತ್ತಿದ್ದೆವು,
ಕಂಬಕ್ಕೆ ಬೆನ್ನು ಕೊಟ್ಟು, ಬಾಯಿಗೆ ಬಟ್ಟೆ ಕಟ್ಟಿ.
ಮೊದಲು ಎದ್ದವನೇ ಧೂಳನ್ನು ಮತ್ತೆ ಎಬ್ಬಿಸುವವನು.
ನಾನು ಬಹಳ ಸಲ ಮೊದಲು ಎದ್ದಿದ್ದೇನೆ.
ಟನ್ನಿಗಿಷ್ಟು ಅಂತ ಕೂಲಿ ಇತ್ತು."
ಮತ್ತೆ ಕೆಮ್ಮು.

ಕೂತೆ.
ಕತ್ತಲಲ್ಲಿ ಯಂತ್ರವೊಂದೇ ಮಾತಾಡಿತು, ಗೊರ್ ಗೊರ್.
ಬಟ್ಟಲಲ್ಲಿ ಕಡುಹಸಿರು ಕಷಾಯ, ಕೊಳೆತ ಮೊಟ್ಟೆಯ ನಾತ.
ತೊಳೆದೆ, ಇಟ್ಟೆ, ತೊಳೆದೆ.
ಎರಡನೆಯ ರಾತ್ರಿ ಹಳದಿ ಮೀನೊಂದು ಮಗ್ಗುಲಾಗಿ ತೇಲಿತು.
ಬೆಣ್ಣೆ ಕಾಗದದಲ್ಲಿ ಸುತ್ತಿ
ನಿಲ್ದಾಣದ ಹಿಂದಿನ ಬರ್ಚ್ ಮರದ ಬುಡದಲ್ಲಿ ಹೂಳಿದೆ;
ಮಂಜುಗಟ್ಟಿದ ನೆಲ, ಸ್ಕ್ರೂಡ್ರೈವರಿನಿಂದ ಅಗೆಯಬೇಕಾಯ್ತು.

ತಿಳಿಯಾಗುವುದು ಒಮ್ಮೆಲೇ ಅಲ್ಲ.
ಮೊದಲು ಬಂಡೆಯ ನೆರಳು.
ಆಮೇಲೆ ಅದರ ಸಂದಿಯಿಂದ ಸೀಗಡಿಯ ಮೀಸೆ.
ಐದನೆಯ ಬೆಳಗ್ಗೆ ಹಿಂದಿನ ಗಾಜು ಕಂಡಿತು,
ಗಾಜಿನಾಚೆ ಗೋಡೆ, ಗೋಡೆಯ ಮೊಳೆಯಲ್ಲಿ
ಅವರ ಗಣಿಯ ಹಿತ್ತಾಳೆ ಬಿಲ್ಲೆ,
ಕೊರೆದ ಅಂಕಿ ಸಮೇತ.

ಅವರು ಬಂದರು. ಲಿಫ್ಟಿನಲ್ಲೇ ಬಂದರೂ
ಬಾಗಿಲಲ್ಲಿ ನಿಂತು ಉಸಿರು ಹುಡುಕಿಕೊಂಡರು.
ಕೋಟು ತೆಗೆಯದೆ ಕೂತು ಮೀನು ಎಣಿಸಿದರು,
ಬೆರಳು ಮಡಿಚಿ, ಬಿಚ್ಚಿ, ಮತ್ತೆ ಮಡಿಚಿ.
ಇಲ್ಲದ್ದು ಎಲ್ಲಿ ಹೋಯಿತೆಂದು ಕೇಳಲಿಲ್ಲ.

ಚೀಟಿ ಮುಂದೆ ಹಿಡಿದೆ.
ಇದು ಒಂದೋ, ಏಳೋ? ನೀವೇ ಹೇಳಿ.
ಕನ್ನಡಕ ಏರಿಸಿ, ದೀಪದ ಹತ್ತಿರ ಒಯ್ದು,
ತಮ್ಮದೇ ಕೈ ನಡುಗಿ ಎಳೆದ ಅಡ್ಡಗೆರೆಯನ್ನು
ಬಹಳ ಹೊತ್ತು ನೋಡಿದರು.
ಬೆನ್ನ ಹಿಂದೆ ನಾನೂರು ಲೀಟರ್ ತಿಳಿನೀರು ಅಲ್ಲಾಡುತ್ತಿತ್ತು.
"ನನಗೂ ತಿಳೀತಿಲ್ಲ," ಅಂದರು.