ಹಲ್ಲೆಣಿಕೆ

ದುರ್ಗಿಗುಡಿಯಲ್ಲಿ ಪ್ರೆಸ್ಸು, ಪ್ರೆಸ್ಸಿನ ಹಿಂದಿನ ಕೋಣೆ.
ಕಾಲಲ್ಲಿ ತುಳಿಯುವ ತೂತಿನ ಯಂತ್ರ ನನ್ನದು,
ಹತ್ತೊಂಬತ್ತು ವರ್ಷದಿಂದ.
ಅಕ್ಕಿ ಗಿರಣಿಯ ರಸೀದಿ, ಸೊಸೈಟಿಯ ಚಲನ್ನು,
ಸೈಕಲ್ ಸ್ಟ್ಯಾಂಡಿನ ಗುಲಾಬಿ ಚೀಟಿ.
ಹರಿಯಬೇಕು,
ಆದರೆ ಹರಿಯುವ ತನಕ ಹಿಡಿದುಕೊಂಡಿರಬೇಕು:
ಇಷ್ಟೇ ನನಗೆ ಗೊತ್ತಿರುವ ವಿದ್ಯೆ.

ಮೀಟರು ಓದಲು ಬರುವ ಹಾಲೇಶಪ್ಪ
ಒಂದು ತಿಂಗಳು ಅಂಕಿ ಬರೆದುಕೊಂಡ ಮೇಲೂ ಹೋಗಲಿಲ್ಲ.
ಯಂತ್ರದ ಪಿನ್ನುಗಳ ಸಾಲು ನೋಡುತ್ತ ನಿಂತರು,
ಗರ್ಭಗುಡಿ ಬಾಗಿಲು ತೆಗೆದ ಹಾಗೆ.
“ಎರಡು ಸೆಂಟಿಮೀಟರಿಗೆ ಎಷ್ಟು, ಕಮಲಾಕ್ಷಮ್ಮ?”
ಇಲ್ಲಿವರೆಗೆ ಯಾರೂ ಕೇಳಿರಲಿಲ್ಲ. ಎಣಿಸಿದೆ. ಎಂಟು.
“ಸ್ಟಾಂಪಿಗೆ ಹದಿಮೂರು, ಕೆಲವಕ್ಕೆ ಹದಿನಾಲ್ಕು,” ಅಂದರು,
ಮಗಳ ಮಾರ್ಕ್ಸು ಹೇಳುವ ದನಿಯಲ್ಲಿ.

ಮುಂದಿನ ಸಲ ಆಲ್ಬಮ್ಮು ಬಂತು, ಟವೆಲ್ಲಿನಲ್ಲಿ ಸುತ್ತಿಕೊಂಡು.
ಮೂಲೆ ನೋಡಬೇಕಂತೆ ಮೊದಲು.
ಬಾಚಣಿಗೆಯಂಥ ಅಚ್ಚಿನಲ್ಲಿ ಹೊಡೆದಿದ್ದರೆ ನಾಲ್ಕು ಮೂಲೆಯೂ ಒಪ್ಪ;
ಗೆರೆಗೆರೆಯಾಗಿ ಹೊಡೆದಿದ್ದರೆ ಅಡ್ಡಸಾಲು ಉದ್ದಸಾಲು ಕೂಡುವಲ್ಲಿ
ಒಂದು ತೂತು ಇನ್ನೊಂದರ ಕಾಲು ತುಳಿದಿರುತ್ತದೆ.
ಹಾಳೆ ಜರುಗಿ, ನವಿಲಿನ ಕತ್ತಿನಲ್ಲೇ ಹಲ್ಲು ಬಿದ್ದಿದ್ದು.
ಮೂಲೆ ಮಡಿಚಿಕೊಂಡಾಗಲೇ ಮುದ್ರಣವಾಗಿ,
ಬಿಚ್ಚಿದಾಗ ಬೋಳು ತ್ರಿಕೋನ ಉಳಿದಿದ್ದು.
ಒಂದರ ಬೆನ್ನಿಗೆ, ಅಂಟಿನ ಮೇಲೆ,
ಪಕ್ಕದ ಹಾಳೆಯ ಹಸಿ ಮಸಿಯಲ್ಲಿ ತಿರುಗುಮುರುಗಾದ ಮುಖ.
ಆಮೇಲೆ ಕುರುಡು ತೂತು:
ಪಿನ್ನು ಒತ್ತಿದೆ, ಕಾಗದ ಬಿಟ್ಟುಕೊಟ್ಟಿಲ್ಲ.

“ಇವೆಲ್ಲ ನಮ್ಮಲ್ಲಿ ವೇಸ್ಟು,” ಅಂದೆ,
“ಮಾಲೀಕರು ಸಂಬಳದಲ್ಲಿ ಹಿಡೀತಾರೆ.”
“ನಮ್ಮಲ್ಲಿ ಇದಕ್ಕೇ ದುಡ್ಡು.
ನಾಸಿಕದಲ್ಲಿ ಯಾವನೋ ರಾತ್ರಿಪಾಳಿಯಲ್ಲಿ ಆಕಳಿಸಿದ್ದು, ನೋಡಿ,
ಇಲ್ಲಿ ಉಳಿದಿದೆ.”

ದೀಪಾವಳಿ ಕಳೆದ ವಾರ ಒಂದನ್ನು ತಂದರು,
ಬಟರ್ ಪೇಪರಿನ ಒಳಗೆ, ಷರ್ಟಿನ ಜೇಬಿನಲ್ಲಿ.
ಚಿತ್ರದ ನಟ್ಟನಡುವೆ ಒಂದು ಸಾಲು ಹೆಚ್ಚಿಗೆ.
ಹುಬ್ಬಳ್ಳಿಯಲ್ಲಿ ಹನ್ನೊಂದು ಸಾವಿರ ಕೊಟ್ಟಿದ್ದರು,
ಹೆಂಡತಿಗೆ ಒಂದು ಸಾವಿರ ಅಂತ ಹೇಳಿದ್ದರು.
ಮೀಟರಿಗೆ ಬಿಡುವ ಟಾರ್ಚು ಅದರ ಹಿಂದೆ ಹಿಡಿದರು.
ಬೆಳಕು ಚುಕ್ಕೆಚುಕ್ಕೆಯಾಗಿ ಅಂಗೈಗೆ ಬಿತ್ತು.

ನಾನು ಬೆಳಕು ನೋಡಲಿಲ್ಲ. ತಿರುಗಿಸಿ, ಬೆನ್ನ ಮೇಲೆ
ಉಗುರು ಆಡಿಸಿದೆ.
ತರಿ.
ನನ್ನ ಯಂತ್ರ ಕಾಗದವನ್ನು ತಿನ್ನುತ್ತದೆ,
ತಿಂದ ಉರುಟು ಚೂರು ಕೆಳಗಿನ ಡಬ್ಬಿಗೆ ಉದುರುತ್ತದೆ,
ಸಂಜೆ ಗುಡಿಸಿದರೆ ಒಂದು ಸೇರು ಬಿಳಿ ಹಿಟ್ಟು.
ಸೂಜಿ ತಿನ್ನುವುದಿಲ್ಲ. ನೂಕಿ ದಾಟುತ್ತದೆ.
ದಾಟಿದಲ್ಲಿ ಕಾಗದದ ತುಟಿ ಸೊಟ್ಟಗಾಗಿ ನಿಲ್ಲುತ್ತದೆ.

ಗೊತ್ತು ನನಗೆ. ಒಂದು ಮಳೆಗಾಲ
ಅಚ್ಚು ಭದ್ರಾವತಿಯ ಲೇತಿಗೆ ಹೋಗಿದ್ದಾಗ,
ಮೂರು ವಾರ, ನೂಲಿಲ್ಲದ ಹೊಲಿಗೆ ಮಿಷನ್ನಿನಲ್ಲಿ
ಸೊಸೈಟಿಯ ರಸೀದಿ ನಾನೇ ಓಡಿಸಿದ್ದೆ.

“ಹೇಳಿ,” ಅಂದರು.
ಹನ್ನೊಂದು ಸಾವಿರ. ನನ್ನ ಬಾಯಲ್ಲಿ ಎಲೆಅಡಿಕೆ ಇತ್ತು,
ಉಗಿದು ಬರುವ ನೆಪದಲ್ಲಿ ಸ್ವಲ್ಪ ಹೊತ್ತು ಸಿಕ್ಕಿತು.
ಬಂದು ಹೇಳಿದೆ: “ಇದು ಹೊಲಿಗೆ, ಹಾಲೇಶಪ್ಪ.
ಇಗೊಳ್ಳಿ, ಆರನೇ ಹೆಜ್ಜೆ ಗಿಡ್ಡ. ಅಲ್ಲಿ ಕೈ ಎಳೆದಿದೆ.”

ಅವರು ತಾವೂ ಉಗುರು ಆಡಿಸಿದರು. ಎರಡು ಸಲ.
ಟಾರ್ಚು ಆರಿಸಲು ಮರೆತು ಹೊರಟರು,
ಹಗಲಲ್ಲಿ ಗಾಂಧಿ ಬಜಾರಿನ ತಿರುವಿನ ತನಕ
ಸೊಂಟದ ಹತ್ತಿರ ಒಂದು ಪೆದ್ದು ಬೆಳಕು.

ಡಿಸೆಂಬರಿನಲ್ಲಿ ಬಂದಾಗ ಮೊದಲು ಮೀಟರು ಓದಿದರು.
ಆಮೇಲೆ ಕೊನೇ ಪುಟ ತೆರೆದು ತೋರಿಸಿದರು.
ಬಿಸಾಕಿರಲಿಲ್ಲ. ಕೆಳಗೆ, ಬಿಲ್ಲಿನ ಅಕ್ಷರದಲ್ಲಿ:
ಹೊಲಿದಿದ್ದು. ಕಮಲಾಕ್ಷಮ್ಮ ಮುಟ್ಟಿ ಹೇಳಿದ್ದು.

ನಮ್ಮ ಯಂತ್ರದಲ್ಲೂ ಎಡದಿಂದ ನಾಲ್ಕನೇ ಪಿನ್ನು ಮೊಂಡು.
ಎರಡು ವರ್ಷವಾಯಿತು. ಊರಲ್ಲಿ ಯಾರ ರಸೀದಿ ಹರಿದರೂ
ಅಲ್ಲೊಂದು ಕಡೆ ಕಾಗದ ಹಟ ಮಾಡಿ, ಸೊಟ್ಟ ಹೋಗುತ್ತದೆ.
ಬದಲಾಯಿಸು ಅಂತಾರೆ ಮಾಲೀಕರು.
ಮುಂದಿನ ತಿಂಗಳು ಅಂತೀನಿ.